ರೋಂಕೊ ಸೂಪು ಬಡಿಸದೆ ನಾವು ಏಳುವುದಿಲ್ಲ

ತೆಯೋದುಲೊ ಯಾರ್ಲೆಕೆ ತಪ್ಪು ಮಾಡುವುದರಲ್ಲಿ ಎಂದೂ ಜಿಪುಣತನ ತೋರಿಸಿದವರಲ್ಲ. ಸ್ವಂತ ಮದುವೆಯ ದಿನ ಬೇರೆ ಚರ್ಚಿಗೆ ಹೋಗಿ, ಯಾರದೋ ಮದುವೆಯ ಫೋಟೋದಲ್ಲಿ ವಧುವಿನ ಚಿಕ್ಕಪ್ಪನ ಹಾಗೆ ಎದೆಯುಬ್ಬಿಸಿ ನಿಂತು ಬಂದವರು. ಒಮ್ಮೆ ಪಕ್ಕದ ಮನೆಯವರ ಕತ್ತೆಯನ್ನು ತಮ್ಮದೆಂದು ತಿಳಿದು ಎಂಟು ತಿಂಗಳು ಸಾಕಿದರು. ತಮಗೆ ಕತ್ತೆಯೇ ಇಲ್ಲವೆಂಬುದು ಒಂಬತ್ತನೇ ತಿಂಗಳಲ್ಲಿ ನೆನಪಾಯಿತು. ಇಂಥ ಮನುಷ್ಯನನ್ನು ಸಾಂತಾ ಹಸಿಂತಾ ಊರು ನಲವತ್ತು ವರ್ಷಗಳಿಂದ ಬಾಯಿ ತುಂಬ ‘ಮೇಷ್ಟ್ರೇ’ ಎಂದು ಕರೆಯುತ್ತಿತ್ತು. ಅವರು ಯಾರಿಗೂ ಏನನ್ನೂ ಕಲಿಸಿದವರಲ್ಲ. ಊರಿನ ಟಾಕೀಸಿನಲ್ಲಿ ಸಿನಿಮಾ ಯಂತ್ರ ಓಡಿಸುತ್ತಿದ್ದರು, ಅಷ್ಟೇ.

ಈ ಗೌರವಕ್ಕೆ ಕಾರಣ ಮಳೆ. ಪಿಯುರಾ ಸೀಮೆಯ ಆ ಮರಳುಗಾಡಿನಲ್ಲಿ ಮಳೆಯೆಂಬುದು ದೂರದ ನೆಂಟರ ಹಾಗೆ. ವರ್ಷಗಟ್ಟಲೆ ಮುಖ ತೋರಿಸುವುದಿಲ್ಲ, ಬಂದರೆ ಆರು ತಿಂಗಳು ಹೋಗುವುದಿಲ್ಲ. ಎಂಬತ್ತಮೂರನೇ ಇಸವಿಯಲ್ಲಿ ಹಾಗೆ ಬಂತು. ಸೇತುವೆ ಕೊಚ್ಚಿಹೋಗುವ ಹಿಂದಿನ ದಿನ ಪಿಯುರಾದಿಂದ ಬಂದ ಕೊನೆಯ ಬಸ್ಸಿನ ತಲೆಯ ಮೇಲೆ ‘ಹನ್ನೊಂದನೇ ಚಂದ್ರನ ಕಾವಲು’ ಎಂಬ ಬಾಹ್ಯಾಕಾಶದ ಚಿತ್ರದ ಆರು ಡಬ್ಬಿಗಳಿದ್ದವು. ಡಬ್ಬಿ ಬಂತು, ಸೇತುವೆ ಹೋಯಿತು. ಏಳು ತಿಂಗಳು ಊರಿಗೆ ಬೇರೆ ಚಿತ್ರವಿಲ್ಲ, ಬೇರೆ ಕೆಲಸವೂ ಇಲ್ಲ. ದಿನಾ ಸಂಜೆ ಅದೇ ಚಿತ್ರ. ಎರಡನೇ ತಿಂಗಳ ಹೊತ್ತಿಗೆ ಹಸುಗೂಸುಗಳು ಕೂಡ ಕ್ಯಾಪ್ಟನ್ನನ ಆಜ್ಞೆಗಳನ್ನು ಒಪ್ಪಿಸುತ್ತಿದ್ದವು.

ಚಿತ್ರದಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬಳು ಶತ್ರುಗ್ರಹದ ರಾಣಿ ನಿಕ್ಸೋರಾ, ಮತ್ತು ಒಬ್ಬ ಲೋಹದ ಮನುಷ್ಯ. ಲೋಹದ ಮನುಷ್ಯನಿಗೆ ಚಿತ್ರದಲ್ಲಿ ಏನೋ ಹೆಸರಿತ್ತು. ಆದರೆ ಟಾಕೀಸಿನ ಸ್ಪೀಕರನ್ನು ಇಲಿ ಕಡಿದಿದ್ದರಿಂದ ಅವನು ಬಾಯಿ ತೆರೆದರೆ ಗರಗರ ಸದ್ದು ಬರುತ್ತಿತ್ತು. ಊರವರು ಅವನಿಗೆ ರೋಂಕೊ, ಅಂದರೆ ಗೊಗ್ಗರು ದನಿಯವನು, ಎಂದು ಹೆಸರಿಟ್ಟರು. ಉಳಿದವರೂ ಗರಗರ ಎನ್ನುತ್ತಿದ್ದರು ನಿಜ. ಅವರಿಗೆ ಶೀತವಾಗಿದೆಯೆಂದು ಊರು ಅರ್ಥಮಾಡಿಕೊಂಡಿತು, ಮಳೆಗಾಲವಲ್ಲವೇ. ರೀಲು ಹಳೆಯದಾಗಿ ಬಣ್ಣ ಮಾಸಿದ್ದರಿಂದ ರೋಂಕೊ ತಲೆಯಿಂದ ಪಾದದವರೆಗೆ ಗುಲಾಬಿ ಬಣ್ಣಕ್ಕಿದ್ದ.

ಅವನು ಕ್ಯಾಪ್ಟನ್ನನನ್ನು ಉಳಿಸಲು ಹೋಗಿ ಸಾಯುತ್ತಿದ್ದ. ಕ್ಯಾಪ್ಟನ್ ಅಳುತ್ತಿದ್ದ. ಪರದೆಯ ಮೇಲೆ ‘ಮುಗಿಯಿತು’ ಎಂದು ಬರುತ್ತಿತ್ತು. ಆಮೇಲೆ ಸಾಂತಾ ಹಸಿಂತಾದಲ್ಲಿ ಯಾರೂ ಏಳುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಇನ್ನೂ ಒಂದು ರೀಲು ಬಾಕಿಯಿರುತ್ತಿತ್ತು: ಸತ್ತ ರೋಂಕೊ ಹೊಳೆಯುತ್ತಾ ಬಂದು, ಕ್ಯಾಪ್ಟನ್ನನಿಗೂ ರಾಣಿಗೂ ಒಂದೇ ಮೇಜಿನ ಮೇಲೆ ಸೂಪು ಬಡಿಸುತ್ತಿದ್ದ. ರಾಣಿ ನಗುತ್ತಿದ್ದಳು. ಕ್ಯಾಪ್ಟನ್ ಲೋಟ ಎತ್ತುತ್ತಿದ್ದ. ಪಟ್ಟನೆ ಬೆಳಕು ಬರುತ್ತಿತ್ತು. ಸಾವು ಸೋತಿತು, ಶತ್ರು ಊಟಕ್ಕೆ ಬಂದಳು, ಇದಕ್ಕಿಂತ ಇನ್ನೇನು ಬೇಕು? ಪಾದ್ರಿಗಳು ಈಸ್ಟರ್ ಪ್ರವಚನದಲ್ಲಿ ರೋಂಕೊನ ಹೆಸರು ಎತ್ತಿದರು. ಆ ವರ್ಷ ಹುಟ್ಟಿದ ಹನ್ನೊಂದು ಹೆಣ್ಣುಮಕ್ಕಳಿಗೆ ನಿಕ್ಸೋರಾ ಎಂದು ಹೆಸರಿಟ್ಟರು. ಚೌಕದ ನಡುವೆ ಸೌಟು ಹಿಡಿದ ಗುಲಾಬಿ ರೋಂಕೊನ ಪ್ರತಿಮೆ ಎದ್ದು ನಿಂತಿತು.

ಸೇತುವೆ ರಿಪೇರಿಯಾಗಿ ಡಬ್ಬಿಗಳನ್ನು ವಾಪಸು ಕಟ್ಟುವಾಗ ತೆಯೋದುಲೊ, ರೀಲಿನ ತುದಿಯಲ್ಲಿ ಮೊಳೆಯಿಂದ ಗೀರಿದ ಅಂಕಿಗಳನ್ನು ಮೊದಲ ಸಲ ನೋಡಿದರು. ಡಬ್ಬಿಯ ಚೀಟಿಗಳೆಲ್ಲ ಮಳೆಗೆ ಅಳಿಸಿಹೋಗಿದ್ದರಿಂದ ಅವರು ತಮ್ಮ ಬುದ್ಧಿಯಿಂದಲೇ ಕ್ರಮ ಕಟ್ಟಿದ್ದರು. ಊಟದ ದೃಶ್ಯ ಕಂಡದ್ದನ್ನು ಕೊನೆಗೆ ಇಟ್ಟಿದ್ದರು. ಒಳ್ಳೆಯ ಕಥೆ ಊಟದಲ್ಲಿ ಮುಗಿಯಬೇಕೆಂಬುದು ಅವರ ನಂಬಿಕೆ. ಆ ರೀಲಿನ ಮೇಲೆ ‘ನಾಲ್ಕು’ ಎಂದಿತ್ತು. ಅವರು ಡಬ್ಬಿಯ ಮುಚ್ಚಳ ಹಾಕಿದರು. ಬಾಯಿಗೂ ಹಾಕಿದರು. ನಲವತ್ತು ವರ್ಷ ತೆಗೆಯಲಿಲ್ಲ.

ಆಮೇಲೊಮ್ಮೆ ಕಪ್ಪುಬಿಳುಪು ಟಿವಿಯಲ್ಲಿ ಆ ಚಿತ್ರ ಬಂದಾಗ, ಕರೆಂಟು ಹೋಗಿ ಊರಿಗೆ ಸಿಕ್ಕಿದ್ದು ಕಡೆಯ ಕಾಲು ಗಂಟೆ ಮಾತ್ರ; ಜಾಹೀರಾತಿಗೆ ಜಾಗ ಮಾಡಲು ಕೊನೆಯನ್ನು ಕತ್ತರಿಸಿದ್ದಾರೆಂದು ಊರು ಉಗಿಯಿತು. ಇಂಟರ್ನೆಟ್ಟಿನಲ್ಲಿ ಬೇರೆ ಬರೆದಿದೆ ಎಂದ ಹುಡುಗರಿಗೆ, ಇಂಟರ್ನೆಟ್ಟಿಗೆ ರಾಜಧಾನಿ ಲಿಮಾದವರು ಹೇಳಿದ್ದಷ್ಟೇ ಗೊತ್ತು ಎಂದು ಹಿರಿಯರು ಬುದ್ಧಿ ಹೇಳಿದರು.

ಹೀಗಿರುವಾಗ ಆ ಚಿತ್ರವನ್ನು ಮತ್ತೆ ಹೊಸದಾಗಿ ತೆಗೆದಿದ್ದಾರೆಂಬ ಸುದ್ದಿ ಬಂತು. ಅದರ ತುಣುಕು ಎಲ್ಲರ ಫೋನಿಗೂ ಬಂತು. ಕ್ಷೌರದಂಗಡಿಯಲ್ಲಿ ಆಟೋ ಓಡಿಸುವ ವಿಲ್ಮರ್ ಸೆರ್ನಾಕೆ ಅದನ್ನು ಹದಿನಾಲ್ಕನೇ ಸಲ ನೋಡುತ್ತಿದ್ದ. ಎಂಟು ವರ್ಷದವನಿದ್ದಾಗ ಇನ್ನೂರು ಸಲ ಆ ಚಿತ್ರ ನೋಡಿದವನು. ಅವನ ಆಟೋದ ಹಿಂದೆ ಆಳುದ್ದ ಗುಲಾಬಿ ರೋಂಕೊ ಇದ್ದ.

“ನೋಡ್ರಪ್ಪ ಅನ್ಯಾಯ! ಬೂದಿ ಬಣ್ಣ ಬಳಿದಿದ್ದಾರೆ ನಮ್ಮ ರೋಂಕೊಗೆ. ನೀರಿನ ಟ್ಯಾಂಕ್ ಇದ್ದಂಗವ್ನೆ.”

“ಬಣ್ಣ ಹಾಳಾಗ್ಲಿ, ದನಿ ಕೇಳು,” ಎಂದ ಕ್ಷೌರಿಕ. “ಬ್ಯಾಂಕ್ ಮೇಡಂ ಫೋನಲ್ಲಿ ಮಾತಾಡ್ದಂಗೆ ಮಾತಾಡ್ತಾನೆ. ಯಾರೋ ಗಂಟಲಿಗೆ ಬೆಣ್ಣೆ ಹಚ್ಚವ್ರೆ.”

“ನಿಕ್ಸೋರಾ ಯಾಕೆ ಹಂಗೆ ಗುರಾಯಿಸ್ತಾಳೆ? ಸೂಪು ಕುಡಿಯೋ ಮುಖಾನಾ ಅದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ತೆಯೋದುಲೊ ಅವರದು. ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು ಕೂತವರು ಸುಮ್ಮನಿದ್ದಿದ್ದರೆ ಯಾರೂ ಅವರತ್ತ ನೋಡುತ್ತಿರಲಿಲ್ಲ. ಗಾಬರಿಯಲ್ಲಿ ಎದ್ದು ನಿಂತು, “ರೋಂಕೊನ ಮೈ ಮುಟ್ಟಿದರೆ ಮೊದಲು ನನ್ನ ಹೆಣ ದಾಟಬೇಕು!” ಎಂದುಬಿಟ್ಟರು. ಅಂಗಡಿಯ ತುಂಬ ಚಪ್ಪಾಳೆ ಬಿತ್ತು. ಅರ್ಧ ಗಡ್ಡ ಬೋಳಿಸುವಷ್ಟರಲ್ಲಿ ಅವರು ರೋಂಕೊ ರಕ್ಷಣಾ ಸಮಿತಿಯ ಅಧ್ಯಕ್ಷರಾಗಿದ್ದರು.

ಚಿತ್ರ ಬಿಡುಗಡೆಯಾದ ಶನಿವಾರ ಮಧ್ಯಾಹ್ನ ಸಮಿತಿಯ ನಲವತ್ತಮೂರು ಮಂದಿ ಹನ್ನೆರಡು ಆಟೋಗಳಲ್ಲಿ ಪಿಯುರಾದ ಮಾಲಿಗೆ ಹೋದರು. ಕ್ಯಾಪ್ಟನ್ ಈಗ ಹೆಂಗಸು ಎಂದು ಜಗತ್ತೆಲ್ಲ ಕಿತ್ತಾಡುತ್ತಿತ್ತು. ಸಾಂತಾ ಹಸಿಂತಾದವರು ಅದನ್ನು ಗಮನಿಸಲೇ ಇಲ್ಲ. ರೋಂಕೊ ಸತ್ತ. ಕ್ಯಾಪ್ಟನ್ ಅತ್ತಳು. ಚಿತ್ರ ಮುಗಿಯಿತು. ಉಳಿದ ಪ್ರೇಕ್ಷಕರು ಎದ್ದು ಹೋದರು. ನಲವತ್ತಮೂರು ಜನ ಬಾಳೆಕಾಯಿ ಚಿಪ್ಸಿನ ಹೊಸ ಪೊಟ್ಟಣ ಬಿಚ್ಚಿ ಕೂತರು.

ಹೆಸರುಗಳು ಹತ್ತು ನಿಮಿಷ ಉರುಳಿದವು. ದೀಪ ಹತ್ತಿತು. ಕಸ ಗುಡಿಸುವ ಹೆಂಗಸು ಬಂದು ಕಾಲೆತ್ತಿ ಎಂದಳು, ಎಲ್ಲರೂ ಕಾಲೆತ್ತಿದರು. ಗುಡಿಸಿಯಾಯಿತು, ಕಾಲಿಳಿಸಿದರು. ಮ್ಯಾನೇಜರ್ ಬಂದ.

“ಸ್ವಾಮಿ, ಆಟ ಮುಗೀತು.”

“ನಿಮಗೆ ಹೊಸದು, ಗೊತ್ತಿಲ್ಲ,” ಎಂದ ವಿಲ್ಮರ್ ಸಮಾಧಾನದಿಂದ. “ಇನ್ನೊಂದು ರೀಲಿದೆ. ಹಾಕಿ.”

“ರೀಲೇ ಇಲ್ಲ ಸ್ವಾಮಿ, ಈಗೆಲ್ಲ ಕಂಪ್ಯೂಟರು.”

“ಹಂಗಾದ್ರೆ ಕಂಪ್ಯೂಟರಿಗೇ ಹೇಳಿ. ರೋಂಕೊ ಸೂಪು ಬಡಿಸದೆ ನಾವು ಏಳೋದಿಲ್ಲ. ಮೇಷ್ಟ್ರೇ, ನೀವೇ ಹೇಳಿ ಇವರಿಗೆ!”

ತೆಯೋದುಲೊ ಅಷ್ಟು ಹೊತ್ತಿಗೆ ಬಗ್ಗಿಕೊಂಡು ಬಾಗಿಲಿನತ್ತ ಆರು ಕುರ್ಚಿ ದಾಟಿದ್ದರು. ಎಂಬತ್ತನಾಲ್ಕು ಕಣ್ಣು ತಿರುಗಿದಾಗ, ಬಗ್ಗಿದ್ದು ಬೂಟಿನ ದಾರ ಕಟ್ಟಲೆಂಬಂತೆ ಪಾದ ಮುಟ್ಟಿದರು. ಹಾಕಿಕೊಂಡದ್ದು ಚಪ್ಪಲಿ. “ಅದು… ಕೊನೆ ಅನ್ನೋದು… ಒಂದೊಂದು ಕಡೆ ಒಂದೊಂದು ಥರ…” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

“ಕೇಳಿದ್ರಾ?” ಎಂದ ವಿಲ್ಮರ್. “ಬೇರೆ ಊರಿಗೆಲ್ಲ ತೋರಿಸಿ ನಮಗೆ ಮಾತ್ರ ಕಿತ್ತುಕೊಂಡವ್ರೆ!”

ಮೂರು ಗಂಟೆಯ ಆಟಕ್ಕೆ ಕೂತ ಜನರನ್ನು ಆರು ಗಂಟೆಗೆ ಪೊಲೀಸರು ಬಂದು ಎಬ್ಬಿಸಿದರು. ಒಬ್ಬ ಪೊಲೀಸಿನವನು ಸಾಂತಾ ಹಸಿಂತಾದ ಅಳಿಯ. ಅವನು ಟೋಪಿ ತೆಗೆದು ತಾನೂ ಹತ್ತು ನಿಮಿಷ ಕಾದು ನೋಡಿದ. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಪುರಸಭೆಯ ಅಧ್ಯಕ್ಷ ಪರ್ಸಿ ಚುಂಗಾ ತುರ್ತು ಸಭೆ ಕರೆದರು. ಅವರಿಗೆ ಸಿನಿಮಾದ ಗೀಳಿರಲಿಲ್ಲ, ಆದರೆ ಹೆಂಡತಿಯ ಹೆಸರು ನಿಕ್ಸೋರಾ. ಹೊಸ ಚಿತ್ರದಲ್ಲಿ ಕೊನೆಯವರೆಗೂ ದುಷ್ಟೆಯಾಗಿಯೇ ಉಳಿದ ರಾಣಿಯಿಂದಾಗಿ ಆಕೆಯನ್ನು ಸಂತೆಯಲ್ಲಿ ಯಾರೋ “ಸೂಪಿಗೆ ಏನು ಬೆರೆಸಿದ್ದೀಯಮ್ಮ?” ಎಂದು ಕೇಳಿದ್ದರು. ಅಧ್ಯಕ್ಷರಿಗೆ ಮನೆಯಲ್ಲಿ ಅಂದಿನಿಂದ ಊಟ ಸರಿಯಾಗಿ ಸಿಕ್ಕಿರಲಿಲ್ಲ. ಮೂಲ ಪಾತ್ರಗಳ ಗುಣ, ಬಣ್ಣ, ದನಿ ಮತ್ತು ಆಯುಷ್ಯವನ್ನು ವಾಪಸು ಕೊಡಬೇಕೆಂದು ಚಿತ್ರದ ಕಂಪನಿಗೆ ಠರಾವು ಹೋಯಿತು. ಕೆಳಗೆ ಸಾಕ್ಷಿ: ಮೇಷ್ಟ್ರು ತೆಯೋದುಲೊ ಯಾರ್ಲೆಕೆ.

ಎರಡು ವಾರದಲ್ಲಿ ಕಂಪನಿಯ ಕಡೆಯಿಂದ ಅರಾಸೆಲಿ ಎಂಬ ಹುಡುಗಿ ಲಿಮಾದಿಂದ ಬಂದಳು. ಕೈಯಲ್ಲಿ ಕಂಪ್ಯೂಟರ್, ಬಗಲಲ್ಲಿ ಕ್ಯಾಪ್ಟನ್ ಯಾಕೆ ಹೆಂಗಸಾದಳು ಎಂಬುದಕ್ಕೆ ಒಂಬತ್ತು ಪುಟಗಳ ಸಮಜಾಯಿಷಿ. ಭಾನುವಾರ ಪೂಜೆ ಮುಗಿದ ಮೇಲೆ ಪುರಸಭೆಯ ಹಾಲ್ ಕಿಕ್ಕಿರಿದಿತ್ತು. ಅವಳು ಗಂಟಲು ಸರಿಮಾಡಿಕೊಂಡು ಮೊದಲ ಪುಟ ಓದಿದಳು.

“ಅಮ್ಮಣ್ಣಿ,” ಎಂದು ತಡೆದ ವಿಲ್ಮರ್, “ಕ್ಯಾಪ್ಟನ್ ಹೆಂಗಸಾದ್ರೆ ನಮಗೇನು? ಗಂಡಸಾಗಿದ್ದಾಗ ಅವನು ಕಡಿದು ಗುಡ್ಡೆ ಹಾಕಿದ್ದು ಅಷ್ಟರಲ್ಲೇ ಇದೆ. ಎಲ್ಲ ಕೆಲಸ ರೋಂಕೊಂದು. ಅವನನ್ನ ಯಾಕೆ ಕೊಂದ್ರಿ, ಅದು ಹೇಳಿ.”

“ಹಳೇ ಚಿತ್ರದಲ್ಲೂ ಅವನು ಸಾಯ್ತಾನಲ್ಲ?”

ಹಾಲಿನಲ್ಲಿ ಎದ್ದ ನಗೆಗೆ ಕಿಟಕಿ ನಡುಗಿತು.

“ಸಾಯ್ತಾನೆ! ಯಾರು ಇಲ್ಲ ಅಂದ್ರು? ಆಮೇಲೆ?”

“ಆಮೇಲೆ… ಮುಗೀತು.”

“ಪಾಪ,” ಎಂದಳೊಬ್ಬ ಮುದುಕಿ ಪಕ್ಕದವಳಿಗೆ. “ಚಿಕ್ಕ ಹುಡುಗಿ. ಪೂರ್ತಿ ನೋಡೇ ಇಲ್ಲ.”

ಅರಾಸೆಲಿ ಜಾಣೆ. ವಾದ ಮಾಡಲಿಲ್ಲ. ಕಿಟಕಿಯ ಪರದೆ ಎಳೆಯಿರಿ, ಹಳೆಯ ಚಿತ್ರವನ್ನೇ ತಂದಿದ್ದೇನೆ, ಎಲ್ಲರೂ ಒಟ್ಟಿಗೆ ನೋಡೋಣ ಎಂದಳು. ತೆಯೋದುಲೊ ತಕ್ಷಣ ಎದ್ದು, ತಮಗೆ ಎದೆ ನೋವೆಂದರು. ಎಡಗೈಯಲ್ಲಿ ಬಲ ಎದೆ ಹಿಡಿದುಕೊಂಡಿದ್ದರಿಂದ ಯಾರೂ ನಂಬಲಿಲ್ಲ. ಕರೆಂಟು ಹೋಗುವ ಸಂಭವವಿದೆ ಎಂದರು, ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ಆ ಊರಿನ ಕರೆಂಟು ಅವರಿಗೆ ಕೈಕೊಟ್ಟು ಒಂದೂವರೆ ಗಂಟೆ ಸತತವಾಗಿ ಇತ್ತು.

ಶುರುವಿನಲ್ಲೇ ಗಲಾಟೆ. ಗೋಡೆಯ ಮೇಲೆ ಬಂದ ರೋಂಕೊ ಬೂದಿ ಬಣ್ಣದವನು, ದನಿ ಜೇನು.

“ಇದಕ್ಕೂ ಬಣ್ಣ ಬಳಿದವ್ರೆ! ಹಳೇದನ್ನೂ ಬಿಟ್ಟಿಲ್ಲ ಕಳ್ಳರು!”

ಅರ್ಧ ಮುಗಿಯುವ ಹೊತ್ತಿಗೆ ಊಟದ ಮೇಜು ಬಂತು. ರೋಂಕೊ ಸೌಟು ಹಿಡಿದ. ಹಾಲ್ ಎದ್ದು ನಿಂತು ಕೂಗಿತು. “ನಿಲ್ಲಿಸ್ರೀ! ಕೊನೆ ಈಗಲೇ ಬಂದುಬಿಡ್ತು!”

ನಿಲ್ಲಲಿಲ್ಲ. ಲೋಟ ಎತ್ತಿದ ಕ್ಯಾಪ್ಟನ್ ಮರುಕ್ಷಣ ಪ್ರಜ್ಞೆ ತಪ್ಪಿ ಮೇಜಿನ ಮೇಲೆ ಬೋರಲು ಬಿದ್ದ. ರಾಣಿ ನಿಕ್ಸೋರಾ ಬೆರಳುಂಗುರದ ವಿಷವನ್ನು ಅವನ ಲೋಟಕ್ಕೆ ಸುರಿದಿದ್ದಳು. ನಲವತ್ತು ವರ್ಷ ಊರು ನೋಡಿ ಮೆಚ್ಚಿದ ಆ ನಗು ಅದರದ್ದು. ಮುಂದಿನ ಸಾಲಿನಲ್ಲಿ ಪುರಸಭೆ ಅಧ್ಯಕ್ಷರ ಹೆಂಡತಿ ಎದ್ದು ತನ್ನ ತಾಯಿಯತ್ತ ತಿರುಗಿದರು. “ಅಮ್ಮಾ! ವಿಷ ಹಾಕೋಳ ಹೆಸರು ಇಟ್ಟಿದ್ಯೇನೇ ನಂಗೆ?”

“ನಾವು ನೋಡ್ದಾಗ ಅವಳು ಒಳ್ಳೆಯವಳೇ ಇದ್ದಳು ಕಣೇ!” ಎಂದು ತಾಯಿ ಅತ್ತಳು. ಇನ್ನೂ ನಾಲ್ಕು ನಿಕ್ಸೋರಾಗಳು ನಾಲ್ಕು ಮೂಲೆಯಿಂದ ಎದ್ದರು.

ರೋಂಕೊ ಸತ್ತ. ‘ಮುಗಿಯಿತು’ ಬಂತು. ಯಾರೂ ಏಳಲಿಲ್ಲ. ಗೋಡೆ ಬಿಳಿಯಾಗಿ ಉಳಿಯಿತು. ಇನ್ನೂರು ಜನ ಬಿಳಿ ಗೋಡೆಯನ್ನು ನೋಡುತ್ತಾ ಕೂತರು. ಮುದುಕಿಯರು ಜಪಮಣಿ ತೆಗೆದರು. ವಿಲ್ಮರನ ದನಿ ಎಂಟು ವರ್ಷದ ಹುಡುಗನದಾಗಿತ್ತು.

“ಮೇಷ್ಟ್ರೇ… ಉಳಿದಿದ್ದು ಎಲ್ಲಿ?”

ತೆಯೋದುಲೊ ಎದ್ದು ನಿಂತರು. ಹುಲಿ ಸವಾರಿ ಇಳಿಯಲು ಇದಕ್ಕಿಂತ ಒಳ್ಳೆಯ ನಿಲ್ದಾಣ ಸಿಗುವುದಿಲ್ಲವೆಂದು ಅವರಿಗೆ ಅನಿಸಿರಬೇಕು. ಟೋಪಿಯನ್ನು ಎರಡು ಕೈಯಲ್ಲಿ ತಿರುಚುತ್ತಾ, ಜೀವನದಲ್ಲಿ ಮೊದಲ ಸಲ ತಪ್ಪಿಲ್ಲದೆ ಮಾತಾಡಿದರು. ಚೀಟಿ ಅಳಿಸಿದ್ದು, ತಾನು ರೀಲು ಅದಲು ಬದಲು ಮಾಡಿದ್ದು, ಮಳೆಗೆ ಕೊಳೆತ ಐದನೇ ರೀಲಿನ ಮೊದಲ ತುಂಡನ್ನು ನೋಡದೆ ಕತ್ತರಿಸಿ ಎಸೆದಿದ್ದು, ಇಲಿ ಸ್ಪೀಕರ್ ಕಡಿದಿದ್ದು, ಬಣ್ಣ ಮಾಸಿದ್ದು, ಎಲ್ಲವನ್ನೂ ಹೇಳಿದರು. “ಊಟದ ರೀಲು ನಾಲ್ಕನೇದು. ನಾನು ಆರನೇದು ಮಾಡಿದೆ. ರೋಂಕೊ ಎದ್ದು ಬರಲಿಲ್ಲ ಕಣ್ರಪ್ಪ. ನಾನು ಎಬ್ಬಿಸಿದೆ. ಕ್ಷಮಿಸಿ.”

ಕ್ಷೌರಿಕ ನಿಧಾನವಾಗಿ ಕೇಳಿದ.

“ಎಷ್ಟು ಕೊಟ್ರು ಮೇಷ್ಟ್ರೇ, ಲಿಮಾದವ್ರು?”

“ಏನು?”

“ನಿಮ್ಮನ್ನ ತಂದೆ ಅಂತ ತಿಳಿದಿದ್ವಿ!” ಎಂದು ವಿಲ್ಮರ್ ಗುಡುಗಿದ. “ಮಾರ್ಕೊಂಡ್ರಲ್ಲ ರೋಂಕೊನ!”

ತೆಯೋದುಲೊ ಕಂಗಾಲಾದರು. ತಪ್ಪು ಒಪ್ಪಿಕೊಂಡವನಿಗೆ ಬೈಗುಳ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ನಂಬಿಕೆಯೇ ಹುಟ್ಟುವುದಿಲ್ಲವೆಂದು ಗೊತ್ತಿರಲಿಲ್ಲ. ಸಾಬೀತು ಮಾಡಲೇಬೇಕೆಂಬ ಹಟ ಹತ್ತಿತು. “ಅಮ್ಮಣ್ಣಿ, ಆ ಊಟದ ತುಂಡು ಇದೆಯಲ್ಲ, ಅದನ್ನ ಎತ್ತಿ ಕಟ್ಟಕಡೆಗೆ ಹಾಕು. ಲೋಟ ಎತ್ತಿದ ತಕ್ಷಣ ನಿಲ್ಲಿಸು. ಇವರಿಗೆ ಗೊತ್ತಾಗಲಿ,” ಎಂದು ಅಂಗಲಾಚಿದರು. ಅರಾಸೆಲಿ ಎರಡು ನಿಮಿಷ ಬೆರಳಾಡಿಸಿದಳು.

ರೋಂಕೊ ಸತ್ತ. ‘ಮುಗಿಯಿತು’ ಬಂತು. ರೋಂಕೊ ಹೊಳೆಯುತ್ತಾ ಬಂದು ಸೂಪು ಬಡಿಸಿದ. ಲೋಟ ಮೇಲೇರಿತು. ಬೆಳಕು.

ಛಾವಣಿ ಹಾರಿಹೋಗುವಂಥ ಕೂಗೆದ್ದಿತು. “ಇಟ್ಕೊಂಡೇ ಇದ್ದಳು! ಚೀಲದಲ್ಲೇ ಇಟ್ಕೊಂಡು ಇಲ್ಲ ಅಂದಳು ಮಾಯಗಾತಿ!” ಐದು ನಿಕ್ಸೋರಾಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಪುರಸಭೆಯ ಅಧ್ಯಕ್ಷರು ಕುರ್ಚಿಯ ಮೇಲೆ ಹತ್ತಿ, ಕಂಪನಿಯ ಒಳಸಂಚು ಬಯಲಾಗಿದೆಯೆಂದೂ, ಮೇಷ್ಟ್ರನ್ನು ಸಮಿತಿಯಿಂದ ಈ ಕ್ಷಣವೇ ತೆಗೆದುಹಾಕಲಾಗಿದೆಯೆಂದೂ ಘೋಷಿಸಿದರು. ಅರಾಸೆಲಿ ಒಂಬತ್ತು ಪುಟಗಳನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಾ ಲಿಮಾಕ್ಕೆ ಫೋನು ಮಾಡಿದಳು. “ಇಲ್ಲ ಸರ್, ಕ್ಯಾಪ್ಟನ್ ಬಗ್ಗೆ ತಕರಾರಿಲ್ಲ. ಸೂಪಿನ ಬಗ್ಗೆ. ಹೌದು ಸರ್, ಸೂಪು. ಇಲ್ಲ ಸರ್, ನಾನು ಏನೂ ಕುಡಿದಿಲ್ಲ.”

ತೆಯೋದುಲೊ ಮನೆಗೆ ಬಂದಾಗ ಹೆಂಡತಿ ಎದುವೀನಾ ಅಂಗಳದಲ್ಲಿ ಮೀನಿಗೆ ನಿಂಬೆಹಣ್ಣು ಹಿಂಡುತ್ತಿದ್ದರು. ಸುದ್ದಿ ಅವರಿಗಿಂತ ಮೊದಲೇ ಬೇಲಿ ಹಾರಿ ಬಂದಿತ್ತು.

“ನಾನೇ ಬೆರೆಸಿದ್ದು ಕಣೇ ಆ ರೀಲು,” ಎಂದರು ಅವರು ಕುಸಿದು ಕೂತು. “ದೇವರಾಣೆ ನಿಜ. ಒಬ್ಬರೂ ನಂಬಲಿಲ್ಲ. ನೀನಾದ್ರೂ ನಂಬು.”

“ನಂಬದೆ ಏನು? ಮೊದಲನೇ ದಿನವೇ ಗೊತ್ತಿತ್ತು.”

“ಗೊತ್ತಿತ್ತಾ?” ಎಂದರು ತೆಯೋದುಲೊ.

“ಸೇತುವೆ ಬೀಳೋ ಮುಂಚಿನ ವಾರ ಅತ್ತೆ ಜೊತೆ ಪಿಯುರಾದಲ್ಲಿ ನೋಡಿದ್ದೆ ನಾನು. ಸರಿಯಾದ್ದು. ಬಸ್ಸಿನಲ್ಲಿ ಮನೆ ಮುಟ್ಟೋವರೆಗೂ ಅತ್ತಿದ್ದೆ. ಆಮೇಲೆ ನಿಮ್ಮ ಟಾಕೀಸಿನ ಬಾಗಿಲಲ್ಲಿ ಬಾಳೆಕಾಯಿ ಚಿಪ್ಸ್ ಮಾರೋಕೆ ಕೂತೆನಲ್ಲ? ಕೊನೇಲಿ ಒಳಗೆ ಇಣುಕಿದೆ. ಸತ್ತೋನು ಎದ್ದು ಬಂದು ಸೂಪು ಬಡಿಸ್ತಾ ಇದ್ದ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳೋಣ ಅಂತಲೇ ಮೆಟ್ಟಿಲು ಹತ್ತಿ ನಿಮ್ಮ ಯಂತ್ರದ ಕೋಣೆಗೆ ಬಂದೆ. ನೀವು ಒಬ್ರೇ ಕೂತು, ರೋಂಕೊ ಎದ್ದ ಅಂತ ಚಪ್ಪಾಳೆ ಹೊಡೀತಾ ಇದ್ರಿ.” ಎದುವೀನಾ ಈರುಳ್ಳಿ ಎಳೆದುಕೊಂಡು ಹೆಚ್ಚತೊಡಗಿದರು. “ಎರಡು ಪೊಟ್ಟಣ ಚಿಪ್ಸ್ ಕೊಟ್ಟು ಇಳಿದು ಬಂದೆ.”

ಅಷ್ಟರಲ್ಲಿ ಬಾಗಿಲ ಬಳಿ ಆಟೋ ನಿಂತಿತು. ವಿಲ್ಮರ್ ತಲೆ ತಗ್ಗಿಸಿ ಒಳಬಂದ. ಕೈಯಲ್ಲಿ ಪುರಸಭೆಯ ಮೊಹರಿನ ಕಾಗದ. ಮೇಷ್ಟ್ರು ಹಾಲಿನಲ್ಲಿ ಆಡಿದ ಮಾತು ಬಿಸಿಲಿನ ಜ್ವರದಿಂದ ಆದದ್ದೆಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ಸಮಿತಿಯ ಅಧ್ಯಕ್ಷ ಪದವಿ ವಾಪಸು, ಪಿಯುರಾದಲ್ಲಿ ಭಾನುವಾರಗಳಂದು ಹೊಸ ಚಿತ್ರದ ಕೊನೆಗೆ ಹಳೆಯ ಸೂಪು ಸೇರಿಸಲು ಲಿಮಾದವರು ಒಪ್ಪಿದ್ದಾರೆ, ಉದ್ಘಾಟನೆಗೆ ಮೇಷ್ಟ್ರೇ ಬೇಕು.

“ನಂಗೆ ಜ್ವರ ಇರಲಿಲ್ಲ ವಿಲ್ಮರ್,” ಎಂದರು ತೆಯೋದುಲೊ ದುಃಖದಿಂದ.

“ಇತ್ತು,” ಎಂದರು ಎದುವೀನಾ, ಪೆನ್ನು ತಂದು ಮುಂದಿಟ್ಟು. “ಬೆಳಿಗ್ಗೆಯಿಂದ ಹಣೆ ಕಾವಲಿ ಥರ ಸುಡ್ತಿತ್ತು. ಹಾಕ್ರಿ ಸಹಿ.”

ಸಹಿ ಬಿತ್ತು. ವಿಲ್ಮರ್ ಕಾಗದ ಮಡಚಿ ಜೇಬಿಗೆ ಸೇರಿಸಿದ, ಆದರೆ ಹೊರಡಲಿಲ್ಲ. ಸೋರೆಬುರುಡೆಯಲ್ಲಿ ಕೊಟ್ಟ ಚಿಚಾ ಎಂಬ ಮೆಕ್ಕೆಜೋಳದ ಹೆಂಡ ಕುಡಿದ. ಬಾಗಿಲಿನತ್ತ ನೋಡಿದ. ಕೊನೆಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದ.

“ಮೇಷ್ಟ್ರೇ, ನಿಮ್ಮಲ್ಲೇ ಇರಲಿ. ಲೋಟ ಎತ್ತಿದ ತಕ್ಷಣ ಬೆಳಕು ಬಂದುಬಿಡ್ತದಲ್ಲ, ಚಿಕ್ಕೋನಿದ್ದಾಗಿಂದ ಕೇಳ್ಬೇಕು ಅಂತಿದ್ದೆ. ಆ ಸೂಪು ಆದ ಮೇಲೆ ಏನಾಗ್ತದೆ?”

ತೆಯೋದುಲೊ ಹೆಂಡತಿಯ ಕಡೆ ನೋಡಿದರು. ಎದುವೀನಾ ಈರುಳ್ಳಿಯ ಮೇಲೆ ಬಗ್ಗಿಯೇ ಇದ್ದರು, ಆದರೆ ಚಾಕುವಿನ ಸದ್ದು ನಿಂತಿತ್ತು.

“ಆ ಬಾಗಿಲು ಹಾಕು ವಿಲ್ಮರ್,” ಎಂದರು ಮೇಷ್ಟ್ರು, ಟೋಪಿ ಸರಿಮಾಡಿಕೊಂಡು. “ಅದು ಏಳನೇ ರೀಲು.”